ಉಸಿರು ಹಿಡಿಯಿರಿ

ಭಾನುವಾರ. ಡ್ಯೂಟಿ ಇಲ್ಲ.
ಶೆಫೀಲ್ಡ್‌ನಿಂದ ತಾಸೊಪ್ಪತ್ತಿನ ಬಸ್ಸು ಹಿಡಿದು ಕ್ಯಾಸಲ್‌ಟನ್‌ಗೆ ಬಂದೆ.
ಎರಡೂ ಬದಿಗೆ ಸುಣ್ಣಗಲ್ಲಿನ ಗೋಡೆ, ನಡುವೆ ಕುರಿ,
ಕುರಿಯ ಬೆನ್ನಿಗೆ ಯಾರೋ ಬಳಿದ ನೀಲಿ ಗುರುತು.
ಟಿಕೆಟ್ಟಿನ ಬೆಲೆ ಕೇಳಿ ಒಳಗೊಳಗೇ ನಕ್ಕೆ:
ಕೊಪ್ಪಳದವಳಿಗೆ ದುಡ್ಡು ತಗೊಂಡು ಬಂಡೆ ತೋರಿಸ್ತಾರಂತೆ!
ನಮ್ಮಲ್ಲಿ ಬಟ್ಟೆ ಒಣಹಾಕಲಿಕ್ಕೂ ಬಂಡೆ,
ಮುನಿಸಿಕೊಂಡು ಹೋಗಿ ಕೂಡಲಿಕ್ಕೂ ಬಂಡೆ.

ಗೈಡು ಇಪ್ಪತ್ತರ ಹುಡುಗ, ಎದೆಯ ಬಿಲ್ಲೆಯಲ್ಲಿ ಕ್ಯಾಲಮ್.
ಹೆಲ್ಮೆಟ್ ಹಂಚಿದ. ನನ್ನದು ಕಿವಿಯವರೆಗೆ ಇಳಿಯಿತು.
"ನಲವತ್ತು ನಿಮಿಷ ಅಷ್ಟೇ. ಕೈ ದೋಣಿಯೊಳಗಿರಲಿ.
ತಗ್ಗಿ ಅಂದಾಗ ತಗ್ಗಿ, ಗುಡ್ಡ ಪಕ್ಕಕ್ಕೆ ಸರಿಯುವುದಿಲ್ಲ."
ದಿನಕ್ಕೆ ಆರು ಸಲ ಹೇಳಿ ಹೇಳಿ ನುಣುಪಾದ ಮಾತು.
ನನಗೆ ಗೊತ್ತು ಆ ನುಣುಪು,
ನನ್ನ ಬಾಯಲ್ಲೂ ಅಂಥ ನಾಲ್ಕು ಕಲ್ಲುಗಳಿವೆ.

ನೂರಕ್ಕೂ ಮಿಕ್ಕ ಮೆಟ್ಟಿಲು.
ಕೆಳಗೆ ನೀರು, ನೀರಿಗೊಂದು ದೋಣಿ,
ದೋಣಿಯ ಅಗಲದ್ದೇ ಸುರಂಗ.
ಸೀಸದ ಆಸೆಗೆ ಮದ್ದು ತುಂಬಿ, ಮೇಣದಬತ್ತಿಯ ಬೆಳಕಲ್ಲಿ
ಗೇಣು ಗೇಣಾಗಿ ಕೊರೆದದ್ದಂತೆ.
ಸೀಸ ಸಿಕ್ಕಿತೇ?
"ಸಿಕ್ಕಿತು, ಬತ್ತಿಯ ಖರ್ಚಿಗಾಗುವಷ್ಟು" ಅಂದ ಕ್ಯಾಲಮ್,
ನಗಲಿಕ್ಕೆ ಒಂದು ಕ್ಷಣ ಬಿಟ್ಟ. ನಕ್ಕೆವು.

ನನ್ನ ಕೆಲಸವೂ ಸುರಂಗದ್ದೇ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಎಂಆರ್‌ಐ ಕೊಳವೆಯೊಳಗೆ ಮನುಷ್ಯರನ್ನು ತಳ್ಳುತ್ತೇನೆ,
ಬೇಕರಿಯವನು ಭಟ್ಟಿಗೆ ಬ್ರೆಡ್ಡು ತಳ್ಳಿದ ಹಾಗೆ.
ಗಾಜಿನಾಚೆ ಕೂತು ಮೈಕಿನಲ್ಲಿ ಮಾತಾಡುತ್ತೇನೆ.
ಹನ್ನೊಂದು ವರ್ಷ. ನಾನು ಒಮ್ಮೆಯೂ ಒಳಗೆ ಮಲಗಿದವಳಲ್ಲ.

ಟಪ್. ಕ್ಯಾಲಮ್‌ನ ಹೆಲ್ಮೆಟ್ಟು. ಟಪ್ ಟಪ್, ನಮ್ಮವು.
ಸಾಲಾಗಿ ಹೋಗಿ ಮೇಷ್ಟ್ರ ಕೈಲಿ ಮೊಟಕಿಸಿಕೊಂಡ ಹಾಗೆ.

ನಡುದಾರಿಯಲ್ಲಿ ದೀಪ ಆರಿಸಿದ. ಮೊದಲೇ ಹೇಳಿದ್ದ.
ಆದರೂ.
ಕಣ್ಣು ತೆರೆದರೂ ಅದೇ, ಮುಚ್ಚಿದರೂ ಅದೇ.
ಕೈಯನ್ನು ಮುಖದೆದುರು ತಂದೆ,
ಬಂತೆಂದು ನಂಬಬೇಕಾಯಿತು.
ನೀರಿನ ಒಂದು ತೊಟ್ಟು. ಬಹಳ ಹೊತ್ತು ಏನೂ ಇಲ್ಲ. ಇನ್ನೊಂದು.
ಆಗ ಪಕ್ಕದಲ್ಲಿ ಯಾರದೋ ಉಸಿರು
ಮೆಟ್ಟಿಲು ತಪ್ಪಿದಂತೆ ಎಡವತೊಡಗಿತು.
ಹಲಗೆ ಹಲಗೆಯೂ ನಡುಗಿತು.

ನಾನು ಯೋಚಿಸಲಿಲ್ಲ. ಬಾಯಿ ತಾನೇ ಆಡಿತು:
"ನಿಮಗೇನೂ ಆಗಿಲ್ಲ. ಸ್ವಲ್ಪ ಹೊತ್ತು ಅಷ್ಟೇ.
ಉಸಿರು ಒಳಗೆ... ಹಿಡಿಯಿರಿ... ಈಗ ಬಿಡಿ."
ಹಿಡಿಯಿತು. ಬಿಟ್ಟಿತು. ದೋಣಿ ಸುಮ್ಮನಾಯಿತು.
ಕತ್ತಲೆಯೊಳಗಿಂದ ಗಂಡಸಿನ ದನಿ, ಬಾರ್ನ್ಸ್ಲಿ ಕಡೆಯ ಒರಟು:
"ನೀನಾ? ಫೆಬ್ರವರಿಯಲ್ಲಿ... ನನ್ನ ಹೆಡ್‌ಫೋನಿನೊಳಗಿದ್ದವಳು?"

ದೀಪ ಬಂತು. ದೊಡ್ಡ ಆಳು, ಸ್ಟ್ಯಾನಿಫೋರ್ತ್ ಅಂತೆ, ಲಾರಿ ಡ್ರೈವರು,
ನಾಚಿಕೆಗೆ ಕಿವಿಯೆಲ್ಲ ಕೆಂಪು.
ಮುಖ ನೆನಪಾಗಲಿಲ್ಲ. ಮುಖ ಯಾವತ್ತೂ ಆಗುವುದಿಲ್ಲ,
ಬೆನ್ನುಮೂಳೆ ತೋರಿಸಿದ್ದರೆ ಒಂದುವೇಳೆ.

"ಅವತ್ತು ನಡುವೆ ನೀನು ಸುಮ್ಮನಾಗಿಬಿಟ್ಟೆ.
ಒಂದು ನಿಮಿಷ ಇರಬೇಕು. ಏನು ಕಂಡಿತ್ತು ನಿನಗೆ?"

ಮುಂದೆ ಕ್ಯಾಲಮ್ ಆಳವಾದ ಹೊಂಡಕ್ಕೆ ಟಾರ್ಚು ಬಿಡುತ್ತಿದ್ದ,
ಬೆಳಕು ಹೋಯಿತು, ಹೋಯಿತು, ತಲುಪಿದ ಸದ್ದಿಲ್ಲ.
ಎಲ್ಲರೂ ಅತ್ತ ಬಗ್ಗಿದ್ದರು.
"ಚಹಾ ಕುಡೀತಿದ್ದೆ ಅನ್ನಿಸ್ತದೆ" ಅಂದೆ.
ನಿಜವೂ ಇರಬಹುದು. ನನಗೆ ಗೊತ್ತಿಲ್ಲ.
ಸ್ಟ್ಯಾನಿಫೋರ್ತ್ ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ,
ದೋಣಿ ಮತ್ತೆ ನಡುಗಿತು.

ಮೇಲೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು.
ಕುರಿಗಳು ಇದ್ದಲ್ಲೇ ಇದ್ದವು.
ಅಂಗಡಿಯಲ್ಲಿ ನೇರಳೆ ಕಲ್ಲಿನ ಉಂಗುರ, ಯಾರೂ ಕೊಳ್ಳುತ್ತಿಲ್ಲ.
ಅವನು ಎರಡು ಕಾಗದದ ಲೋಟ ತಂದು ಒಂದನ್ನು ನನ್ನ ಕೈಗಿಟ್ಟ:
"ಕುಡಿ. ಆದರೆ ಮಾತಾಡ್ತಾ ಕುಡಿ."

ಏನು ಮಾತಾಡುವುದು? ಬಾಯಲ್ಲಿದ್ದ ನಾಲ್ಕೂ ಖರ್ಚಾಗಿದ್ದವು.
"ನಮ್ಮೂರಲ್ಲಿ" ಅಂತ ಶುರು ಮಾಡಿದೆ,
"ಬಟ್ಟೆ ಒಣಹಾಕಲಿಕ್ಕೂ ಬಂಡೆ..."