ಮಗ್ಗದಿಂದ ಮಗ್ಗಿಗೆ

ಮೂವತ್ತೊಂದು ವರ್ಷ ಕುಣಿಯೊಳಗ ಕಾಲಿಟ್ಟು ಕುಂತಾಕಿ ನಾ,
ಬೆಟಗೇರಿಯ ಕುಣಿಮಗ್ಗ.
ಅದನ್ನ ಮಾರಿದ ಮರುವಾರ
ರಾಜೇಸಾಬನ ತಗಡಿನ ಶೆಡ್ಡಿನಾಗ
ಕೈಗೆ ಕೊಟ್ಟರು ಒಂದು ಪ್ಲಾಸ್ಟಿಕ್ ಮಗ್ಗು.
ಹೆಸರಿಗೊಂದು ಕೊಂಬು ಬಂತು ನೋಡ್ರಿ, ಅಷ್ಟ ಫರಕು.

ಅರಿವಿ ಗೊತ್ತೈತಲ್ಲ ಇಂದ್ರವ್ವಾರ, ಇದೂ ಅರಿವಿನ,
ಅಂದು ಸುರುಳಿ ಬಿಚ್ಚಿ ಹಾಸಿದ.
ಬೆಳ್ಳಗ, ಮಿರಿಮಿರಿ, ರೇಷ್ಮಿ ಇದ್ದಂಗ.
ಬೆರಳಿಟ್ಟು ನೋಡಿದೆ: ಹಾಸೈತಿ, ಹೊಕ್ಕೈತಿ,
ಇಂಚಿಗೆ ನಾಲ್ಕೆಳಿ, ಸಡಿಲ ನೇಯ್ಗಿ.
ಇಂಥಾದ್ದು ನೇದಾಕಿಗೆ ನಮ್ಮ ಓಣ್ಯಾಗ ಕೂಲಿ ಕೊಡತಿರಲಿಲ್ಲ.
ಯಾವ ನೂಲಪಾ ಇದು?
ಗಾಜು, ಅಂದ.
ನಕ್ಕುಬಿಟ್ಟೆ.
ರಾತ್ರಿ ಮೊಣಕೈ ತನಕ ಕೆರಕೊಳ್ಳುವಾಗ
ನಂಬಿದೆ.

ಬಿಸಿನೀರು ಬ್ಯಾಡ್ರಿ, ತಣ್ಣೀರು ಹಾಕ್ರಿ,
ಬಿಸಿಗೆ ಚರ್ಮ ಬಾಯಿ ತೆರಿತೈತಿ.
ಬಣ್ಣ ಹೊಡಿಯೂ ಬ್ರಷ್ ಕೂದಲಾ ಅರ್ಧ ಕತ್ತರಿಸ್ರಿ.
ಮೊದಲ ರಾಳ. ಅದರಾಗ ನೇರಳೆ ಬಣ್ಣದ ಕೋಬಾಲ್ಟು, ಹನಿ ಎಣಿಸಿ.
ಪೂರಾ ಕಲಸಿದ ಮ್ಯಾಲ ಹಾರ್ಡನರು.
ಆ ಎರಡನ್ನ ನೇರ ಕೂಡಿಸಿದ್ರ ಬೆಂಕಿ,
ನಡುವ ರಾಳ ಇರಬೇಕು,
ಅತ್ತಿ ಸೊಸಿ ಇದ್ದಂಗ, ಅನ್ನಾಕ ಹೋಗಿ
ನನ್ನ ಮಾರಿ ನೋಡಿ ಸುಮ್ಮನಾದ.

ಕೆರೆಯಿಂದ ಬಂದಿತ್ತು ಕಾಲಲೆ ತುಳಿಯೂ ಬೋಟು, ಹಂಸದ್ದು.
ಯಾರೋ ಹುಡುಗರು ಜೋತುಬಿದ್ದು ಫೋಟೋ ತೆಗಿಸಿಕೊಂಡು
ಕುತ್ತಿಗಿ ಮುರಿದಿದ್ರು.
ಹಂಸ ನನಗ ಹೊಸದಲ್ಲ.
ಸೀರಿ ಅಂಚಿನಾಗ ಸಾವಿರಾರು ಇಳಿಸೀನಿ,
ಒಂದರ ಹಿಂದ ಒಂದು, ಕೊಕ್ಕಿಗೆ ಮೂರೆಳಿ ಕೆಂಪು.
ಆದ್ರ ಅವಕ್ಕ ಹೊಟ್ಟಿ ಇರಲಿಲ್ಲ, ಬೆನ್ನು ಇರಲಿಲ್ಲ.
ಇದನ್ನ ತೆಕ್ಕಿ ಬಡಿದು ಹಿಡಿಬೇಕು, ಕೂಸಿನಂಗ,
ಎಪ್ಪತ್ತು ಕಿಲೋ ಕೂಸು.

ಏಪ್ರಿಲ್ ಬಿಸಲು. ಹಾರ್ಡನರ್ ಅಂದಾಜಿಗೆ ಸುರಿದೆ,
ಸಾರಿಗೆ ಉಪ್ಪು ಹಾಕಿದಂಗ.
ಅರಿವಿ ಇನ್ನೂ ಹಾಸಿಲ್ಲ, ಮಗ್ಗು ಬೆಚ್ಚಗಾತು,
ಸುಟ್ಟಿತು, ಹೊಗಿಯಾಡಿತು,
ಬ್ರಷ್ ಅದರಾಗ ನಿಂತಲ್ಲೇ ನಿಂತುಬಿಟ್ಟಿತು.
ಆ ಗಡ್ಡಿ ಈಗ ಶೆಡ್ಡಿನ ಬಾಗಿಲಿಗೆ ಒತ್ತು.

ಮರುದಿನ ಅಂಜಿ ಕಡಿಮಿ ಹಾಕಿದೆ.
ಮೂರು ದಿನ ಅಂಟಂಟು.
ರಸ್ತೇದ ಧೂಳು, ಒಂದು ಗುಂಗಾಡು,
ನನ್ನ ತಲಿಯ ಒಂದು ಬಿಳಿ ಕೂದಲಾ,
ಎಲ್ಲಾ ಹಂಸದ ಕೊರಳಿಗೆ.
ಮಗ್ಗದಾಗ ಹೊಕ್ಕು ತಪ್ಪಿದ್ರ
ಲಾಳಿ ತಿರುಗಿಸಿ ಎಳಿ ಬಿಚ್ಚತಿದ್ದೆ.
ಇದರಾಗ ಬಿಚ್ಚೂದು ಇಲ್ಲ.
ಗ್ರೈಂಡರ್ ಹಚ್ಚು, ಬಾಯಿಗೆ ಅರಿವಿ ಕಟ್ಟಿಕೊ,
ಬಿಳಿ ಪುಡಿ ಆಗೂತನಕ ತಿನಿಸು.

ಮೂರನೇದು ಸೂಜಿ ಕಿತ್ತ ಸಿರಿಂಜಿನಾಗ ಅಳದು ಹಾಕಿದೆ.
ಒಂದು ಪದರ ಹಾಸಿ ಮ್ಯಾಲಿಂದ ರಾಳ ಕುಡಿಸಿದೆ,
ಉಳ್ಳಿಸೂ ರೋಲರಿನಿಂದ ಗಾಳಿ ಅಂಚಿಗೆ ನೂಕಿದೆ.
ಕುಡದಂಗ ಕುಡದಂಗ
ಬಿಳುಪು ಹೋತು, ಎಳಿ ಹೋತು,
ಹಾಸು ಎಲ್ಲೆ, ಹೊಕ್ಕು ಎಲ್ಲೆ,
ಅರಿವೀನ ಕಾಣದಂಗಾತು.
ಹಿಂಗ ಆಗಬೇಕ್ರಿ, ಅಂದ. ನೇಯ್ಗಿ ಬೆಳ್ಳಗ ಕಂಡ್ರ ತಪ್ಪು.
ನಾ ಏನೂ ಅನಲಿಲ್ಲ.
ಅವತ್ತು ಬುತ್ತಿ ಬಿಚ್ಚಲಿಲ್ಲ.
ನಾತಕ್ಕ ಹಸಿವಿ ಸತ್ತಿತ್ತು, ಅಂತ ಮನ್ಯಾಗ ಹೇಳಿದೆ.

ಬಣ್ಣ ಹೊಡದು ಟೆಂಪೋಕ್ಕ ಏರಿಸೂ ಮುಂದ
ರಾಜೇಸಾಬ ಒಂದು ರೂಪಾಯಿ ನಾಣ್ಯ ತಗೊಂಡು
ಕುತ್ತಿಗಿ ಸುತ್ತಲೂ ಬಡದ.
ಟಣ್. ಟಣ್. ಟಣ್.
ಕೊರಳಿನ ಹಿಂದ, ಗದ್ದದ ಕೆಳಗ,
ಟೊಪ್.
ಇಲ್ಲಿ ಗಾಳಿ ಐತಿ, ಅಂದ.
ಗೊತ್ತೈತಿ, ಅಂದೆ.
ಮತ್ತೊಮ್ಮೆ ಬಡದ. ಟೊಪ್.
ನಾಣ್ಯ ಕಿಸೆಕ್ಕ ಇಟಗೊಂಡ.
ಇರಲಿ ಬಿಡ್ರಿ,
ತೇಲತೈತಿ.