ಅರ್ತು

ಒಂಬತ್ತಕ್ಕೇ ಷಟರಿನ ತಗಡು ಮುಟ್ಟಲಾರದಷ್ಟು ಕಾದಿತ್ತು.
ಕೌಲ್ ಬಜಾರಿನ ನಮ್ಮ ಸಂದಿಗೆ
ನೆಲಕ್ಕೆ ಹೊಟ್ಟೆ ಹಚ್ಚಿದ, ಎರಡೇ ಬಾಗಿಲಿನ ಕಾರು
ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು.

ಎರ್ರಿಸ್ವಾಮಿ ಜೀನ್ಸ್ ಹೊಲಿಸುವವನು.
ಉಗುರಿನ ಬುಡದಲ್ಲಿ ನೀಲಿ, ಕಾರಿಗೂ ಅದೇ ನೀಲಿ.
"ಮೂರು ಕೈ ದಾಟೈತೆ, ಅಗ್ಗಕ್ಕೆ ಸಿಕ್ತು" ಅಂದ.
ಅಗ್ಗ ಅನ್ನುವಾಗ ದನಿ ತಗ್ಗಿಸಿದ.

ಕೀಲಿ ತಿರುವಿದೆ.
ಅಲಾಯಿ ಕುಣಿ ಕೆದರಿದ ಹಾಗೆ
ಡ್ಯಾಶ್‌ಬೋರ್ಡಿನ ತುಂಬ ಕೆಂಡ:
ಮಡಿಲಲ್ಲಿ ಚೆಂಡು ಹಿಡಿದು ಕೂತ ಮನುಷ್ಯ,
ಹಾವಿನ ಹಾಗೆ ಹಾದಿ ಬಿಟ್ಟು ಜಾರುವ ಪುಟ್ಟ ಕಾರು,
ಬ್ರೇಕಿನ ದುಂಡು ಕಣ್ಣು, ಹಳದಿ ಎಂಜಿನ್ನು.

ಹೊನ್ನೂರ, ನನ್ನ ಹುಡುಗ, ಸ್ಕ್ಯಾನರ್ ಚುಚ್ಚಿ ಓದಿದ.
ಹದಿನೇಳು ತಪ್ಪು.
ಒಂದೊಂದಕ್ಕೂ ಎರ್ರಿಸ್ವಾಮಿಯ ತುಟಿ ಅಲ್ಲಾಡುತ್ತಿತ್ತು,
ಎಷ್ಟು ಪ್ಯಾಂಟು ಹೊಲಿಯಬೇಕು ಅಂತ.

ನಮ್ಮ ಉಸ್ತಾದ್ ಪೀರಾಸಾಬರು ಹೇಳುತ್ತಿದ್ದರು:
ಹದಿನೇಳು ಮಂದಿ ಒಮ್ಮೆಗೇ ಕೂಗಿದರೆ
ಯಾರ ಮಾತೂ ಕೇಳಬೇಡ,
ಅವರೆಲ್ಲ ನಿಂತಿರೋ ನೆಲ ನೋಡು.

ಬ್ಯಾಟರಿಯಲ್ಲಿ ಹನ್ನೆರಡೂವರೆ, ಸರಿ ಇತ್ತು.
ಅರ್ತಿನ ದಾರಿಯಲ್ಲಿ ಎರಡು ವೋಲ್ಟು ಕಳುವಾಗಿತ್ತು.
ಎಡಗಾಲಿನ ಜಾಗದ ಕಾರ್ಪೆಟ್ಟು ಕಿತ್ತೆ.
ಆ ಕಾಲದ ಧೂಳು, ಸಂಡೂರಿನ ದಾರಿಯದ್ದು,
ಲಾರಿಯ ಹಿಂದೆ ಲಾರಿ ಇದ್ದಾಗ ಒಳಗೆ ಬಂದದ್ದು,
ತೊಳೆದ ನೀರೆಲ್ಲ ಕುಡಿದು
ಬೋಲ್ಟಿನ ಸುತ್ತ ಇಟ್ಟಿಗೆಯಾಗಿ ಕೂತಿತ್ತು.

(ಬೋರ್ಡು ಬರೆಯುವ ಮಾರೆಪ್ಪ ನಮ್ಮ ಅಂಗಡಿಯ ಮೇಲೆ
"ಇಲ್ಲಿ ಅರ್ಥ ಸರಿ ಮಾಡಲಾಗುವುದು"
ಅಂತ ಬರೆದುಬಿಟ್ಟಿದ್ದಾನೆ.
ಎಂಟು ವರ್ಷವಾಯ್ತು, ತಿದ್ದಿಸಿಲ್ಲ.)

ಉಜ್ಜಿದೆ. ಲೋಹ ಹೊಳೆಯುವ ತನಕ ಉಜ್ಜಿ
ಬೋಲ್ಟು ಬಿಗಿದು ಕೀಲಿ ತಿರುವಿದೆ.
ಎಲ್ಲ ಹತ್ತಿ, ಮೂರು ಎಣಿಸುವಷ್ಟರಲ್ಲಿ
ಚೆಂಡಿನ ಮನುಷ್ಯ ಮಾಯ, ಜಾರುವ ಕಾರು ಮಾಯ.
"ಇಷ್ಟೇನಾ!" ಎರ್ರಿಸ್ವಾಮಿ ಕುಣಿದೇಬಿಟ್ಟ,
ಚಾ ಹೇಳಿದ, ಮೂರು, ಮಲಾಯಿ ಹಾಕಿ.

ಹೊನ್ನೂರ ಮಾತ್ರ ಬಗ್ಗಿಯೇ ಇದ್ದ.
"ಕಾಕಾ, ಎಣ್ಣೇದು ಹತ್ತಲೇ ಇಲ್ಲ."

ಮತ್ತೆ ತಿರುವಿದೆ. ಹೌದು.
ಎಣ್ಣೆ ಗಿಂಡಿ ಇರಬೇಕಾದ ಜಾಗದಲ್ಲಿ ಕತ್ತಲೆ.
ಕೂಗೋರೆಲ್ಲ ಕೂಗಿ ಸುಮ್ಮನಾಗಿದ್ದರು,
ಇದೊಂದು ಮೊದಲಿಂದಲೂ ಬಾಯೇ ಬಿಟ್ಟಿರಲಿಲ್ಲ.

ಎಂಟು ಸ್ಕ್ರೂ ಬಿಚ್ಚಿ, ಮೀಟರು ತೊಡೆಯ ಮೇಲೆ ಮಗುಚಿದೆ.
ಗಿಂಡಿಯ ಬೆನ್ನಿಗೆ ಕರಿ ಟೇಪು, ಹೆಬ್ಬೆಟ್ಟಿನಷ್ಟು.
ತುದಿ ಮಡಚಿತ್ತು, ಸಣ್ಣ ಕಿವಿಯ ಹಾಗೆ,
ನಾಳೆ ಬಿಚ್ಚೋರಿಗೆ ಹಿಡಿತ ಸಿಗಲಿ ಅಂತ.

ಬಾಗಿಲ ಕೀಲಿನ ಹತ್ತಿರ ನೀಲಿ ಕೆರೆದು ನೋಡಿದೆ.
ಹಳದಿ.

ಗಣಿ ನಿಂತ ವರ್ಷ. ಶುಕ್ರವಾರ.
ಉಸ್ತಾದರು ನಮಾಜಿಗೆ ಹೋಗಿದ್ದರು.
ಸಾಹುಕಾರರ ಡ್ರೈವರು ಐನೂರು ಕೊಟ್ಟು ಅಂದ:
"ಎಂಜಿನ್ ಕಾದ್ರೆ ಕೆಂಪು ಮಿಣುಕ್ತೈತೆ.
ನಾಳೆ ಗಿರಾಕಿ ಬರ್ತಾನೆ, ಕಾಣದಂಗೆ ಮಾಡು."
ನನಗೆ ಹತ್ತೊಂಬತ್ತು. ಕೆಲಸ ಮಾತ್ರ ಚೊಕ್ಕ.

ಟೇಪು ಕಿತ್ತೆ. ಚಾಲೂ ಮಾಡಿದೆ.
ಚಾ ಆರುವ ತನಕ ಕಾದೆವು.
ಕಾರು ಬಿಸಿಯೇರಿತು, ಉಸಿರು ಇಳಿಸಿತು,
ಗಿಂಡಿ ಒಮ್ಮೆ ಮಿಣುಕಿತು. ಮತ್ತೊಮ್ಮೆ.
ಆಮೇಲೆ ಆರಲೇ ಇಲ್ಲ.

"ಇದೇನು, ಹೊಸದು?" ಎರ್ರಿಸ್ವಾಮಿ ಕೇಳಿದ.
"ಹಳೇದು" ಅಂದು ಕೀಲಿ ಎಳೆದುಕೊಂಡೆ.
"ಇದು ಇಲ್ಲೇ ಇರಲಿ. ಎಂಜಿನ್ ಇಳಿಸಬೇಕು."

ಕೂಲಿ ಬರಕೋಬೇಡ ಅಂದೆ ಹೊನ್ನೂರನಿಗೆ.
ಯಾಕೆ ಅಂತ ಅವನು ಕೇಳಲಿಲ್ಲ.
ನನ್ನ ಹೆಬ್ಬೆರಳಿಗೆ ಅಂಟಿದ್ದ ಟೇಪನ್ನೇ ನೋಡುತ್ತಿದ್ದ.
ಹಾಗೆ ತುದಿ ಮಡಚೋದು
ಅವನಿಗೆ ನಾನೇ ಕಲಿಸಿದ್ದು.