ತೂಕದ ಕಲ್ಲು

ನಾಪೋಕ್ಲು ಸೊಸೈಟಿಯ ತಕ್ಕಡಿ ನನ್ನ ಕೈಲಿದೆ, ಓಟಿಲ್ಲ.
ಅದಕ್ಕೇ ಇರಬೇಕು, ಚೀಲ ಇಳಿಸಿದವರೆಲ್ಲ ಕೇಳುತ್ತಾರೆ:
"ಈ ಸಲ ಅಧ್ಯಕ್ಷ ಯಾರು, ಮೊಯ್ದು?"

ಪಳಂಗಪ್ಪನದು ಜೀಪಿನ ಲೆಕ್ಕ.
ಕ್ಯಾಲೆಂಡರು, ಹಂದಿಕರಿ, ಬಾಟಲಿಗೊಂದು ಕೈಕುಲುಕು.
ಬಿಸಿಲು ಕಾಣದ ಮೆಣಸು ಅದು: ಇವತ್ತು ಭಾರ,
ಎಣಿಕೆಯ ದಿನಕ್ಕೆ ಒಣಗಿ ಅರ್ಧ.

ಕುಟ್ಟಯ್ಯ ಜಾಣ. ಓಟಿನ ಮಾತೇ ಎತ್ತುವುದಿಲ್ಲ.
ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ತಲುಪುತ್ತಾನೆ,
ಹೆಗಲು ಕೊಡುತ್ತಾನೆ,
ಕಾಫಿ ಕುಡಿಯದೆ ಹೊರಡುತ್ತಾನೆ.
ನನ್ನ ಉಮ್ಮ ತೀರಿಕೊಂಡಾಗಲೂ ಬಂದಿದ್ದ,
ಕೆಸರಲ್ಲಿ, ಬರಿಗಾಲಲ್ಲಿ.
ಅದು ಚುನಾವಣೆಯ ವರ್ಷವೇ?
ಬೆರಳು ಮಡಿಚಿ ಎಣಿಸಿದೆ.
ಆಮೇಲೆ, ಎಣಿಸಿದ್ದಕ್ಕೆ ನಾಚಿದೆ.

ಬೊಳ್ಳಮ್ಮ ಪ್ರಚಾರಕ್ಕೇ ಇಳಿದಿಲ್ಲವಂತೆ.
ನಿನ್ನೆ ಸಂಜೆ ಶಟರ್ ಎಳೆಯುವ ಹೊತ್ತಿಗೆ ಬಂದು
ಚೀಲದಿಂದ ಸ್ವಂತ ಐದು ಕಿಲೋ ಕಲ್ಲು ತೆಗೆದು
ತಟ್ಟೆಯ ಮೇಲಿಟ್ಟರು.
ಮುಳ್ಳು ನಾಲ್ಕೂ ಮುಕ್ಕಾಲಿಗೆ ನಿಂತಿತು.
ಮುಳ್ಳಿಗಿಂತ ಮೊದಲೇ ನನ್ನ ಮುಖ ನೋಡಿದ್ದರು.
"ಎಷ್ಟು ವರ್ಷದಿಂದ, ಮೊಯ್ದು?"

ಸೋಲುತ್ತಾರೆ. ಕಲ್ಲು ಹಿಡಿದು
ಓಟು ಗೆದ್ದವರನ್ನು ನಾನು ಕಂಡಿಲ್ಲ.

ಇವತ್ತು ಬೆಳಿಗ್ಗೆ ಮತ್ತೊಬ್ಬರು ಕೇಳಿದರು.
ಚೀಲ ಸ್ವಲ್ಪ ಕೆಳಗಿಳಿಸಿ ಎಂದೆ,
ಸ್ಪ್ಯಾನರ್ ಹುಡುಕುತ್ತಾ.